ನೆಗಡಿಯೂ ಹಾಜರಿ ಪುಸ್ತಕವೂ

ಜೂನ್ ಬಂತೆಂದರೆ ನಮ್ಮಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗುತ್ತವೆ. ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಸುವಷ್ಟರಲ್ಲಿ ಮನೆಯಲ್ಲೊಂದು ಮಗು ಸೀನತೊಡಗಿರುತ್ತದೆ. ಅಜ್ಜಿ ದೊಡ್ಡಪತ್ರೆ ಎಲೆ ಹುಡುಕಿಕೊಂಡು ಹಿತ್ತಿಲಿಗೆ ಹೋಗುತ್ತಾರೆ. ಅಪ್ಪ ಹೋದ ವರ್ಷದ ಔಷಧಿ ಚೀಟಿ ಹುಡುಕಿಕೊಂಡು ಬೀರುವಿನ ಬಾಗಿಲು ತೆಗೆಯುತ್ತಾರೆ. ಈ ಎರಡು ಹುಡುಕಾಟಗಳಲ್ಲಿ ಅಜ್ಜಿಯದರ ಬಗ್ಗೆ ನನಗೆ ಚಿಂತೆಯಿಲ್ಲ, ಅಪ್ಪನದರ ಬಗ್ಗೆ ಇದೆ. ಅದಕ್ಕಿಂತ ಹೆಚ್ಚಿನ ಚಿಂತೆ, ಅಷ್ಟು ಹೊತ್ತಿಗಾಗಲೇ ಯೂನಿಫಾರಂ ತೊಟ್ಟು, ಊಟದ ಡಬ್ಬಿ ಹಿಡಿದು, ಕೆಂಪಗಾದ ಕಣ್ಣು ಬಿಡುತ್ತಾ ಬಾಗಿಲಲ್ಲಿ ನಿಂತಿರುವ ಮಗುವಿನದು.

“ಸ್ವಲ್ಪ ಮೈ ಬಿಸಿ ಇತ್ತು ಅಷ್ಟೇ ಡಾಕ್ಟ್ರೇ. ಮಾತ್ರೆ ಕೊಟ್ಟು ಕಳಿಸಿದೆ. ಇವತ್ತು ಟೆಸ್ಟ್ ಇತ್ತಲ್ಲ...” ಮಳೆಗಾಲದಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ಮಾತು ಇದು. ಬೆಳಿಗ್ಗೆ ಏಳೂವರೆಗೆ ಕೊಟ್ಟ ಪ್ಯಾರಾಸಿಟಮಾಲ್ ನಾಲ್ಕೈದು ಗಂಟೆ ಜ್ವರವನ್ನು ಅಡಗಿಸಿಡುತ್ತದೆ. ಮಧ್ಯಾಹ್ನದ ಬೆಲ್ ಹೊಡೆಯುವ ಹೊತ್ತಿಗೆ ಮಗು ಬೆಂಚಿನ ಮೇಲೆ ತಲೆಯಿಟ್ಟು ಮಲಗಿರುತ್ತದೆ, ಟೀಚರ್ ಮನೆಗೆ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ವ್ಯಾನಿನಲ್ಲಿ ಒತ್ತಿಕೊಂಡು ಕೂತ ಮಕ್ಕಳಿಗೂ, ಒಂದೇ ಬೆಂಚಿನ ಇನ್ನಿಬ್ಬರಿಗೂ ಅದರ ಸೀನು ಹಂಚಿಕೆಯಾಗಿರುತ್ತದೆ. ಮಾತ್ರೆ ಜ್ವರ ಇಳಿಸುತ್ತದೆ. ವೈರಾಣುವನ್ನು ಅದು ಮುಟ್ಟುವುದೂ ಇಲ್ಲ, ಅದು ಹರಡುವುದನ್ನು ತಡೆಯುವುದೂ ಇಲ್ಲ. ಟೆಸ್ಟಿನ ಅಂಕ ಹೇಗಿತ್ತು ಎಂದು ನಾನು ಕೇಳಲು ಹೋಗುವುದಿಲ್ಲ. 102 ಡಿಗ್ರಿ ಜ್ವರದಲ್ಲಿ ಲಸಾಅ, ಮಸಾಅ ಕಂಡುಹಿಡಿಯಿರಿ ಎಂದರೆ ನಮಗೂ ಆಗದು.

ಮೊದಲು ನೆಗಡಿ ಯಾವುದು, ಫ್ಲೂ ಯಾವುದು ಎಂಬುದನ್ನು ಬಿಡಿಸಿಕೊಳ್ಳೋಣ. ಮೂಗು ಸೋರಿದರೆಲ್ಲ ನಾವು ‘ಫ್ಲೂ’ ಅನ್ನುತ್ತೇವೆ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಮೇಲಿವೆ. ಅವುಗಳಲ್ಲಿ ದೊಡ್ಡ ಬಳಗ ರೈನೋವೈರಸ್‌ನದು. ಅದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದಕ್ಕೆ ಮೈ ಒಗ್ಗಿಕೊಂಡರೆ ಇನ್ನೊಂದು ಕಾದಿರುತ್ತದೆ. ಹಾಗಾಗಿಯೇ ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ರೋಗವಲ್ಲ, ಲೆಕ್ಕ. “ನಮ್ಮ ಮಗುವಿಗೆ ರೋಗನಿರೋಧಕ ಶಕ್ತಿಯೇ ಇಲ್ಲ, ಟಾನಿಕ್ ಬರೆದುಕೊಡಿ” ಎನ್ನುವ ತಾಯಂದಿರು ಇದನ್ನು ಗಮನಿಸಬೇಕು. ನೆಗಡಿ ಮೆಲ್ಲಗೆ ಬರುತ್ತದೆ: ಗಂಟಲು ಕೆರೆತ, ಸೀನು, ಮೂಗು ಸೋರುವುದು, ಕಟ್ಟುವುದು. ವಾರ ಹತ್ತು ದಿನದಲ್ಲಿ ಹೋಗುತ್ತದೆ, ಕೆಮ್ಮು ಮಾತ್ರ ಇನ್ನೊಂದು ವಾರ ಉಳಿಯಬಹುದು.

ಫ್ಲೂ, ಅಂದರೆ ಇನ್‌ಫ್ಲುಯೆಂಜಾ, ಬಾಗಿಲು ತಟ್ಟಿ ಬರುವುದಿಲ್ಲ. ಮಧ್ಯಾಹ್ನ ಆಡುತ್ತಿದ್ದ ಹುಡುಗ ಸಂಜೆಗೆ ಕಂಬಳಿ ಹೊದ್ದಿರುತ್ತಾನೆ. ಜೋರು ಜ್ವರ, ಚಳಿ, ಮೈಕೈ ನೋವು, ತಲೆನೋವು, ಒಣ ಕೆಮ್ಮು. ಊಟ ಬೇಡ, ಮಾತು ಬೇಡ. ನೆಗಡಿಯಾದ ಮಗು ಟಿವಿ ಮುಂದೆ ಕೂರುತ್ತದೆ; ಫ್ಲೂ ಬಂದ ಮಗುವಿಗೆ ಟಿವಿಯೂ ಬೇಕಾಗುವುದಿಲ್ಲ. ಪರೀಕ್ಷಾಲಯವಿಲ್ಲದ ಹಳ್ಳಿಯಲ್ಲೂ ತಾಯಿ ಈ ವ್ಯತ್ಯಾಸವನ್ನು ಕಣ್ಣಳತೆಯಲ್ಲೇ ಹೇಳಬಲ್ಲಳು.

ಈ ಫ್ಲೂ ವೈರಸ್ಸನ್ನು ಮನುಷ್ಯರಿಂದ ಮೊದಲು ಬೇರ್ಪಡಿಸಿದ್ದು 1933ರಲ್ಲಿ, ಲಂಡನ್ನಿನಲ್ಲಿ. ವಿಲ್ಸನ್ ಸ್ಮಿತ್, ಆಂಡ್ರ್ಯೂಸ್, ಲೇಡ್ಲಾ ಎಂಬ ಮೂವರು ವಿಜ್ಞಾನಿಗಳು ಫ್ಲೂ ರೋಗಿಗಳ ಗಂಟಲು ತೊಳೆದ ನೀರನ್ನು ಫೆರೆಟ್ ಎಂಬ, ನಮ್ಮ ಮುಂಗುಸಿಯನ್ನು ಹೋಲುವ ಪ್ರಾಣಿಗಳ ಮೂಗಿಗೆ ಹಾಕಿದರು. ಅವುಗಳಿಗೂ ಥೇಟ್ ನಮ್ಮಂತೆಯೇ ಜ್ವರ ಬಂತು, ಮೂಗು ಸೋರಿತು. ಮುಂದೆ ಅಂಥದೊಂದು ಫೆರೆಟ್ ಸಂಶೋಧಕರೊಬ್ಬರ ಮುಖಕ್ಕೇ ಸೀನಿ ಅವರಿಗೂ ಫ್ಲೂ ದಾಟಿಸಿತು. ರೋಗ ಹರಡುವ ಬಗೆಗೆ ಇದಕ್ಕಿಂತ ನೇರವಾದ ಪುರಾವೆ ಇನ್ನೇನು ಬೇಕು!

ಹಾಗಾದರೆ ಮಳೆಯಲ್ಲಿ ನೆನೆದದ್ದಕ್ಕೆ ನೆಗಡಿಯಾಯಿತು ಅನ್ನುವುದು? ಇದನ್ನೂ ಇಂಗ್ಲೆಂಡಿನವರು ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿ ಸಾಲ್ಸ್‌ಬರಿ ಎಂಬ ಊರಿನ ಬಳಿ 1946ರಿಂದ 1990ರ ತನಕ ನೆಗಡಿಯನ್ನೇ ಅಭ್ಯಾಸ ಮಾಡುವ ಒಂದು ಕೇಂದ್ರವಿತ್ತು. ಸ್ವಯಂಸೇವಕರು ಹತ್ತು ದಿನ ಬಂದಿರುತ್ತಿದ್ದರು; ಊಟ ವಸತಿ ಪುಕ್ಕಟೆ, ಕೆಲವರ ಮೂಗಿಗೆ ನೆಗಡಿಯ ವೈರಸ್ ಹನಿ. ಅವರಲ್ಲೊಂದು ಗುಂಪಿಗೆ ಸ್ನಾನ ಮಾಡಿಸಿ, ಮೈ ಒರೆಸಿಕೊಳ್ಳಗೊಡದೆ, ಗಾಳಿ ಬೀಸುವ ಪಡಸಾಲೆಯಲ್ಲಿ ನಿಲ್ಲಿಸಿದರು. ಆಮೇಲೆ ಒದ್ದೆ ಕಾಲುಚೀಲದಲ್ಲೇ ಓಡಾಡಿಸಿದರು. ಚಳಿಗೆ ನಡುಗಿದವರಿಗೆ ಬೆಚ್ಚಗಿದ್ದವರಿಗಿಂತ ಹೆಚ್ಚು ನೆಗಡಿಯೇನೂ ಆಗಲಿಲ್ಲ. ನೆಗಡಿಗೆ ವೈರಸ್ ಬೇಕು, ಬರೀ ನೀರು ಸಾಲದು. ಆದರೆ ಮಕ್ಕಳು ಇದನ್ನು ಅಮ್ಮನಿಗೆ ಓದಿ ಹೇಳಿ ಮಳೆಗೆ ಇಳಿಯುವ ಮುನ್ನ ಒಂದು ಮಾತು. ಮೂಗಿನ ಒಳಗಿನ ಶಾಖ ಮೈಶಾಖಕ್ಕಿಂತ ಕಡಿಮೆ, ಮತ್ತು ರೈನೋವೈರಸ್‌ಗೆ ಆ ತಂಪೇ ಇಷ್ಟ. ಒದ್ದೆ ಯೂನಿಫಾರಂನಲ್ಲಿ ದಿನವಿಡೀ ಕೂರುವುದು ಯಾರಿಗೂ ಹಿತವಲ್ಲ. ಮಲೆನಾಡಿನ ಶಾಲೆಗಳಿಗೆ ಎರಡು ಮೈಲಿ ನಡೆದು ಬರುವ ಮಕ್ಕಳ ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ ಇದ್ದರೆ ಒಳ್ಳೆಯದೇ.

ಮಳೆಗಾಲದಲ್ಲಿ ಶೀತ ಹೆಚ್ಚಲು ಇನ್ನೊಂದು ದೊಡ್ಡ ಕಾರಣ ಮಳೆಯಲ್ಲ, ಮಳೆಗೆ ನಾವು ಮುಚ್ಚುವ ಕಿಟಕಿ. ಐವತ್ತು ಮಕ್ಕಳ ಕೊಠಡಿಯಲ್ಲಿ ಎರಚಲು ಬೀಳುತ್ತದೆಂದು ಕಿಟಕಿಗಳನ್ನೆಲ್ಲ ಹಾಕಿಬಿಟ್ಟರೆ ಒಬ್ಬ ಬಿಟ್ಟ ಉಸಿರನ್ನು ಇನ್ನೊಬ್ಬ ಎಳೆದುಕೊಳ್ಳುತ್ತಾನೆ. ಎರಚಲು ಬೀಳದ ದಿಕ್ಕಿನ ಕಿಟಕಿಯನ್ನಾದರೂ ತೆರೆದಿಡಿ ಎಂದು ಶಿಕ್ಷಕರಲ್ಲಿ ನನ್ನ ಕೋರಿಕೆ. ಇನ್ನು ಕೈ. ಮೂಗು ಒರೆಸಿದ ಕೈಯ ಮೇಲೆ ರೈನೋವೈರಸ್ ಒಂದೆರಡು ಗಂಟೆ ಬದುಕಿರಬಲ್ಲದು. ಆ ಕೈ ಡೆಸ್ಕ್ ಮುಟ್ಟುತ್ತದೆ, ಕಂಪಾಸ್ ಬಾಕ್ಸ್ ಮುಟ್ಟುತ್ತದೆ. ಅದನ್ನು ಮುಟ್ಟಿದ ಇನ್ನೊಂದು ಕೈ ತನ್ನ ಕಣ್ಣೋ ಮೂಗೋ ಉಜ್ಜಿಕೊಳ್ಳುತ್ತದೆ. ಊಟಕ್ಕೆ ಮುಂಚೆ ಸೋಪು ಹಚ್ಚಿ ಇಪ್ಪತ್ತು ಎಣಿಸುವಷ್ಟು ಹೊತ್ತು ಕೈ ತೊಳೆಯಿರಿ ಎನ್ನುವ ಬೋರ್ಡು ಎಲ್ಲ ಶಾಲೆಯಲ್ಲೂ ಇದೆ. ಸೋಪು ಎಷ್ಟು ಶಾಲೆಯಲ್ಲಿದೆ ಎಂದು ಪಾಲಕರ ಸಭೆಯಲ್ಲಿ ಒಮ್ಮೆ ಕೇಳಿ ನೋಡಿ. ವಾರ್ಷಿಕೋತ್ಸವದ ಶಾಮಿಯಾನದ ಖರ್ಚಿಗೆ ಹೋಲಿಸಿದರೆ ಸೋಪಿನದು ಏನೂ ಅಲ್ಲ.

ಫ್ಲೂ ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಲ ಏರುತ್ತದೆ: ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಒಮ್ಮೆ, ಜನವರಿಯಿಂದ ಮಾರ್ಚ್ ತನಕ ಇನ್ನೊಮ್ಮೆ. ಎರಡನೆಯದು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಪರೀಕ್ಷೆಯ ಹೊತ್ತಿಗೇ ಬಂದು ನಿಲ್ಲುತ್ತದೆ. ಆ ದಿನಗಳಲ್ಲಿ ಮನೆಯಲ್ಲಿ ಜ್ವರಕ್ಕಿಂತ ಭಯವೇ ಹೆಚ್ಚು. ಶೇ. 75ರಷ್ಟು ಹಾಜರಿ ಬೇಕು ಎನ್ನುವ ನಿಯಮವನ್ನು ಪಾಲಕರು ಶೇ. 100 ಎಂದು ಓದಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಉಳಿದ ಶೇ. 25 ಅಂದರೆ ನಾಲ್ಕು ದಿನಕ್ಕೊಂದು ದಿನ. ನಾಲ್ಕು ದಿನದ ಫ್ಲೂ ಅದರ ಒಂದು ಮೂಲೆಗೂ ಸಾಲದು. ವರ್ಷವಿಡೀ ಒಂದು ದಿನವೂ ತಪ್ಪಿಸದ ಮಗುವಿಗೆ ಬಹುಮಾನ ಕೊಡುವ ಶಾಲೆಗಳು ಈಗಲೂ ಇವೆ. ಉದ್ದೇಶ ಒಳ್ಳೆಯದೇ, ಆದರೆ ಆ ಬಹುಮಾನಕ್ಕಾಗಿ ಜ್ವರದಲ್ಲೇ ಬಂದ ಒಂದು ಮಗು ಬೇರೆ ಎಷ್ಟು ಮಕ್ಕಳ ಹಾಜರಿ ಕಳೆದಿರಬಹುದು ಎನ್ನುವ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಕೋವಿಡ್ ಪ್ರಕರಣಗಳು ಮತ್ತೆ ಕಾಣಿಸಿಕೊಂಡ 2025ರ ಮೇ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿತು: ಜ್ವರ, ನೆಗಡಿ, ಕೆಮ್ಮು ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಬಂದರೆ ಮನೆಗೆ ಕಳಿಸಿ ಎಂದು. ಕೋವಿಡ್ ಇರಲಿ ಬಿಡಲಿ, ಪ್ರತಿ ಮಳೆಗಾಲಕ್ಕೂ ಸಲ್ಲುವ ಮಾತು ಅದು.

ಎಷ್ಟು ದಿನ ಮನೆಯಲ್ಲಿರಬೇಕು? ಬರೀ ಮೂಗು ಸೋರುತ್ತಿದ್ದು, ಜ್ವರವಿಲ್ಲದೆ, ಮಗು ಲವಲವಿಕೆಯಿಂದಿದ್ದರೆ ಒಂದೆರಡು ದಿನ ಸಾಕು, ದೊಡ್ಡ ಮಕ್ಕಳು ಮಾಸ್ಕ್ ಹಾಕಿಕೊಂಡು ಹೋಗಬಹುದು. ಜ್ವರವಿದ್ದರೆ, ಮಾತ್ರೆಯ ಹಂಗಿಲ್ಲದೆ 24 ಗಂಟೆ ಮೈ ತಣ್ಣಗಿರುವ ತನಕ. ಫ್ಲೂ ಹರಡುವುದು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ. ಮುಂದೆ ಐದಾರು ದಿನ, ಚಿಕ್ಕವರಲ್ಲಿ ಇನ್ನೂ ಹೆಚ್ಚು. ‘ಮೈ ಬಿಸಿ’ ಎನ್ನುವುದನ್ನು ಅಂಗೈಗೆ ಬಿಡದೆ ಮನೆಯಲ್ಲೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ದಾಟಿದರೆ ಜ್ವರ. ಪರೀಕ್ಷೆಯ ದಿನವೇ ಮಲಗಿದರೆ ಏನು ಗತಿ ಎನ್ನುವ ಹತ್ತನೆಯ ತರಗತಿಯವರಿಗೆ: 2024ರಿಂದ ನಮ್ಮ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಮೊದಲನೆಯದು ತಪ್ಪಿದರೆ ಎರಡನೆಯದು ಕೆಲವೇ ವಾರಗಳ ದೂರದಲ್ಲಿದೆ. ವರ್ಷ ಹಾಳಾಗುವ ಕಾಲ ಮುಗಿಯಿತು.

ಈಗ ಅಪ್ಪನ ಬೀರುವಿಗೆ ಬರೋಣ. ಹಳೆಯ ಚೀಟಿ ತೋರಿಸಿ ಅದೇ ಆ್ಯಂಟಿಬಯಾಟಿಕ್ ತರುವುದು, ಎರಡು ದಿನ ಕೊಟ್ಟು ಜ್ವರ ಇಳಿದೊಡನೆ ನಿಲ್ಲಿಸಿ ಉಳಿದದ್ದನ್ನು ತಮ್ಮನಿಗೆ ಜ್ವರ ಬಂದಾಗ ಕೊಡಲು ಎತ್ತಿಡುವುದು — ಇದು ನಮ್ಮ ಮನೆಮನೆಯ ಉಳಿತಾಯ ಯೋಜನೆ. ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ನೆಗಡಿ, ಫ್ಲೂ ಎರಡೂ ವೈರಸ್‌ನವು. ಸೊಳ್ಳೆಗೆ ಇಲಿಬೋನು ಇಟ್ಟಂತೆ. “ಆದರೆ ಕೊಟ್ಟ ಮೂರನೆಯ ದಿನ ವಾಸಿಯಾಯಿತಲ್ಲ?” ಎಂದರೆ, ಕೊಡದಿದ್ದರೂ ಆಗುತ್ತಿತ್ತು. ಸಿಂಬಳ ಹಳದಿ, ಹಸಿರಾಯಿತು ಎನ್ನುವುದೂ ಕಾರಣವಲ್ಲ. ವೈರಸ್ ನೆಗಡಿಯಲ್ಲೂ ಮೂರ್ನಾಲ್ಕನೆಯ ದಿನ ಬಣ್ಣ ತಿರುಗುತ್ತದೆ. ವ್ಯರ್ಥವಾದರೆ ಹಣ ಹೋಯಿತು ಅಷ್ಟೇ ಎನ್ನುವ ಹಾಗೂ ಇಲ್ಲ. ಹೊಟ್ಟೆಯಲ್ಲಿ, ಗಂಟಲಲ್ಲಿ ತಮ್ಮ ಪಾಡಿಗೆ ತಾವಿರುವ ಬ್ಯಾಕ್ಟೀರಿಯಾಗಳಲ್ಲಿ ಔಷಧಿಗೆ ಜಗ್ಗದವು ಬದುಕಿ ಉಳಿದು ಬೆಳೆಯುತ್ತವೆ. ನಾಳೆ ನಿಜವಾಗಿ ನ್ಯುಮೋನಿಯಾ ಬಂದಾಗ ಆ ಔಷಧಿ ಕೈಕೊಡುತ್ತದೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಭಾಷಣದಲ್ಲಿ ಈ ಅಪಾಯದ ಎಚ್ಚರಿಕೆ ಕೊಟ್ಟಿದ್ದರು. ಮಕ್ಕಳೇ, ಮನೆಯ ಔಷಧಿ ಡಬ್ಬಿ ತೆಗೆದು ನೋಡಿ: ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರು ಬರೆದುಕೊಡದೆ ತಿನ್ನಬಾರದು ಎಂದು ಅರ್ಥ. ಅಪ್ಪನಿಗೆ ತೋರಿಸಿ. ಎಲ್ಲ ಆ್ಯಂಟಿಬಯಾಟಿಕ್ ಬೇಡವೆಂದಲ್ಲ. ವೈದ್ಯರು ನೋಡಿ ಕಿವಿಯ ಸೋಂಕು, ನ್ಯುಮೋನಿಯಾ ಎಂದು ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. 20 ಕಿಲೋ ಮಗುವಿಗೆ ಒಂದು ಸಲಕ್ಕೆ 200ರಿಂದ 300. ಮತ್ತೆ ಕೊಡಲು ಕನಿಷ್ಠ ನಾಲ್ಕರಿಂದ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಸಿರಪ್ ಬೇರೆ ಬೇರೆ ಶಕ್ತಿಯಲ್ಲಿ ಬರುತ್ತದೆ, ಬಾಟಲಿಯ ಮೇಲಿನ ಅಂಕಿ ಓದದೆ ಚಮಚಕ್ಕೆ ಸುರಿಯಬೇಡಿ. ಆಸ್ಪಿರಿನ್ ಮಕ್ಕಳಿಗೆ ಖಂಡಿತ ಕೂಡದು. ಫ್ಲೂ ಅಥವಾ ಸೀತಾಳೆ ಸಿಡುಬು ಇರುವಾಗ ಅದನ್ನು ಕೊಟ್ಟರೆ ಮಿದುಳು, ಯಕೃತ್ತಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್ ಎಂಬ ಅಪರೂಪದ ಆದರೆ ಮಾರಕ ಕಾಯಿಲೆ ಬರಬಹುದು. ನಿಮೆಸುಲೈಡ್ 12 ವರ್ಷದೊಳಗಿನವರಿಗೆ 2011ರಿಂದ ನಿಷಿದ್ಧ.

ಕೆಮ್ಮಿನ ಸಿರಪ್ಪಿನ ಬಗ್ಗೆ ನಾನು ತುಸು ಕಟುವಾಗಿಯೇ ಹೇಳಬೇಕು. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಕಡೆ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅವರಿಗೆ ಇದ್ದದ್ದು ನೆಗಡಿ, ಕೆಮ್ಮು, ಜ್ವರ. ಕೊಟ್ಟ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಅದರ ಬೆನ್ನಲ್ಲೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿತು: ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ. ಎಲ್ಲ ಬಾಟಲಿಯಲ್ಲೂ ವಿಷವಿದೆಯೆಂದಲ್ಲ. ತಾನಾಗಿ ಹೋಗುವ ಕೆಮ್ಮಿಗೆ ಬಾಟಲಿಯೇ ಏಕೆ ಬೇಕು ಎಂಬುದು ಪ್ರಶ್ನೆ.

ಅಜ್ಜಿಯ ಹಿತ್ತಿಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಜೀರಿಗೆ, ಕೊತ್ತಂಬರಿ ಬೀಜ, ಕಾಳುಮೆಣಸು, ಒಂದು ಚೂರು ಶುಂಠಿ ಹಾಕಿ ಕುದಿಸಿದ ಬೆಲ್ಲದ ಕಷಾಯ, ಮೆಣಸಿನ ಸಾರು, ಗಂಜಿ, ಹುರುಳಿ ಕಟ್ಟಿನ ಸಾರು — ಇವು ವೈರಸ್ ಕೊಲ್ಲುತ್ತವೆಂದು ನಾನು ಹೇಳಲಾರೆ. ಬಿಸಿಯಾದ, ರುಚಿಯಾದ ನೀರನ್ನು ಮಗುವಿನ ಹೊಟ್ಟೆಗೆ ಇಳಿಸುತ್ತವೆ. ಜ್ವರದಲ್ಲಿ ಬೇಕಾದದ್ದೇ ಅದು. ಮಲಗುವ ಮುನ್ನ ಅರ್ಧ ಚಮಚ ಜೇನು ರಾತ್ರಿಯ ಕೆಮ್ಮನ್ನು ಕೊಂಚ ತಗ್ಗಿಸುತ್ತದೆ, ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬೇಡಿ. ಕರ್ಪೂರದ ಮುಲಾಮನ್ನು ಎರಡು ವರ್ಷದೊಳಗಿನವರಿಗೆ ಹಚ್ಚಬೇಡಿ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಮುಸುಕು ಹಾಕಿ ಆವಿ ಕೊಡುವುದನ್ನು ಬಿಟ್ಟುಬಿಡಿ. ಪಾತ್ರೆ ಮಗುಚಿ ತೊಡೆ ಬೆಂದ ಮಕ್ಕಳನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇವೆ, ನೆಗಡಿ ಎಂದೋ ಹೋಗಿರುತ್ತದೆ, ಸುಟ್ಟ ಗಾಯ ಉಳಿದಿರುತ್ತದೆ. ಮೂಗು ಕಟ್ಟಿದರೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ವಿಟಮಿನ್ ಸಿ ಗುಳಿಗೆಯ ಹುಚ್ಚು ಹತ್ತಿಸಿದವರು ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್, 1970ರ ತಮ್ಮ ಪುಸ್ತಕದಿಂದ. ಆಮೇಲಿನ ಪರೀಕ್ಷೆಗಳ ಪ್ರಕಾರ ನಮ್ಮಂಥ ಸಾಮಾನ್ಯರಿಗೆ ಅದು ನೆಗಡಿ ಬರುವುದನ್ನು ತಡೆಯುವುದಿಲ್ಲ. ಒಂದು ಸೀಬೆಹಣ್ಣು ತಿನ್ನಲಿ, ಅಷ್ಟು ವಿಟಮಿನ್ ಅದರಲ್ಲೇ ಇದೆ.

ಇಷ್ಟೆಲ್ಲ ‘ಬೇಡ, ಬೇಡ’ ಎಂದವನು ಯಾವಾಗ ಓಡಬೇಕು ಎಂಬುದನ್ನೂ ಹೇಳಬೇಕು. ಮಗು ಮಲಗಿರುವಾಗ ಅಂಗಿ ಸರಿಸಿ, ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ 50 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾದ ಶಂಕೆ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಎಂಟು ಗಂಟೆ ಮೂತ್ರ ಹೋಗದಿರುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ — ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬಾರದು. ಜ್ವರ ಇಳಿದು ಎರಡು ದಿನ ಚೆನ್ನಾಗಿದ್ದು ಮತ್ತೆ ಏರಿದರೂ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ ಯಾವ ಜ್ವರವೂ ಸಣ್ಣದಲ್ಲ. ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಫ್ಲೂ ಬಂದರೆ ಮೊದಲ ಎರಡು ದಿನದೊಳಗೇ ವೈದ್ಯರನ್ನು ಕಾಣಿ. ಅದಕ್ಕಿರುವ ಔಷಧಿ ಆಗಲೇ ಚೆನ್ನಾಗಿ ಕೆಲಸ ಮಾಡುವುದು.

ಇನ್ನೊಂದು ಸಂಗತಿ. ನೆಗಡಿಯೇ ಇಲ್ಲದ ಜೋರು ಜ್ವರ, ಕಣ್ಣಿನ ಹಿಂಭಾಗ ನೋವು, ಮೈಮೇಲೆ ಕೆಂಪು ಗುಲ್ಲೆ ಇದ್ದರೆ ಅದು ಡೆಂಗ್ಯೂ ಇರಬಹುದು. ಆಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ರಕ್ತಸ್ರಾವಕ್ಕೆ ದಾರಿಯಾದೀತು. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನವರು ಬೇಸಿಗೆಯ ಜ್ವರವನ್ನು ಫ್ಲೂ ಎಂದುಕೊಳ್ಳುವ ಮುನ್ನ ಮಂಗನ ಕಾಯಿಲೆಯನ್ನೂ ನೆನೆಯಬೇಕು.

ಫ್ಲೂಗೆ ಲಸಿಕೆಯಿದೆ. ವೈರಸ್ ವೇಷ ಬದಲಿಸುತ್ತಿರುವುದರಿಂದ ಪ್ರತಿ ವರ್ಷವೂ ಹೊಸದಾಗಿ ಹಾಕಿಸಬೇಕು. ಆರು ತಿಂಗಳು ತುಂಬಿದವರಿಗೆಲ್ಲ ಕೊಡಬಹುದು. ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದು ಇಲ್ಲ, ಹಾಗಾಗಿ ಎಲ್ಲರಿಗೂ ಹಾಕಿಸಿ ಎಂದು ಒತ್ತಾಯಿಸಲು ನನಗೆ ಮನಸ್ಸು ಬಾರದು. ಹಣ ಹೊಂದಿಸಬಲ್ಲವರು ಐದು ವರ್ಷದೊಳಗಿನವರಿಗೆ, ಆಸ್ತಮಾದಂಥ ಕಾಯಿಲೆ ಇರುವವರಿಗೆ, ಮನೆಯ ಅಜ್ಜ ಅಜ್ಜಿಗೆ ಮೊದಲು ಯೋಚಿಸಿ. ಮಳೆಗೆ ಮುನ್ನ, ಮೇ ತಿಂಗಳಲ್ಲೇ ಹಾಕಿಸಿದರೆ ಒಳ್ಳೆಯದು. ಮೈಗೆ ಹತ್ತಲು ಎರಡು ವಾರ ಬೇಕು. ಫ್ಲೂ ಅಂದರೆ ಬರೀ ಮೈಕೈ ನೋವು ಎನ್ನುವವರು 1918ನ್ನು ನೆನೆಯಲಿ. ಆ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಇಳಿದ ಜ್ವರ ರೈಲು ಹತ್ತಿ ದೇಶವೆಲ್ಲ ಸುತ್ತಿ ಒಂದು ಕೋಟಿಗೂ ಹೆಚ್ಚು ಭಾರತೀಯರನ್ನು ಕೊಂಡೊಯ್ದಿತು. 2009ರ ಹಂದಿಜ್ವರದಲ್ಲಿ ನಮ್ಮ ದೇಶದ ಮೊದಲ ಸಾವು ಪುಣೆಯ ಒಬ್ಬ ಶಾಲಾ ವಿದ್ಯಾರ್ಥಿನಿಯದು.

ಕೊನೆಗೆ ವಿದ್ಯಾರ್ಥಿಗಳಿಗೆ. ಸೀನು ಬಂದರೆ ಅಂಗೈಗೆ ಬೇಡ, ಮೊಣಕೈ ಮಡಿಲಿಗೆ. ನೀರಿನ ಬಾಟಲಿ ಒಂದೇ ಬಾಯಿಯಿಂದ ಇನ್ನೊಂದು ಬಾಯಿಗೆ ಹೋಗದಿರಲಿ, ಎತ್ತಿ ಕುಡಿಯುವ ನಮ್ಮ ಹಳೆಯ ರೂಢಿ ಎಷ್ಟೋ ವಾಸಿ. ಪರೀಕ್ಷೆ ಹತ್ತಿರವೆಂದು ರಾತ್ರಿ ಒಂದರ ತನಕ ಕೂರುವವರೇ ಮೊದಲು ಮಲಗುವವರು. ನಿದ್ದೆ ಕೆಟ್ಟ ಮೈ ನೆಗಡಿಗೆ ಬೇಗ ಸೋಲುತ್ತದೆ. ಜ್ವರ ಬಂದರೆ ಹೆಡ್‌ಮಾಸ್ಟರಿಗೆ ಎರಡು ಸಾಲಿನ ರಜಾ ಚೀಟಿ ಬರೆದು ಮಲಗಿ. ತಪ್ಪಿದ ಮೂರು ದಿನದ ನೋಟ್ಸನ್ನು ಗೆಳೆಯನ ಪುಸ್ತಕ ನೋಡಿ ಬರೆದುಕೊಳ್ಳಲು ಒಂದು ಭಾನುವಾರ ಸಾಕು. ಪುಸ್ತಕ ತರಲು ಮಾತ್ರ ಜ್ವರ ಬಿಡುವ ಮುನ್ನ ಅವನ ಮನೆಗೆ ಹೋಗಬೇಡಿ, ತಮ್ಮನನ್ನು ಕಳಿಸಿ.